ಹದಿನೇಳು ತಿರುವು

ಶಿಷ್ಯನೊಬ್ಬ ಗುರುವನ್ನು ಕೇಳಿದ:

"ಗುರುಗಳೇ, ನಮ್ಮ ಮನೆಯಲ್ಲಿ ಜಗಳವಿಲ್ಲ. ಕಾಯಿಲೆ ಕಸಾಲೆ ಇಲ್ಲ. ಯಾರೂ ಯಾರಿಗೂ ದ್ರೋಹ ಮಾಡಿಲ್ಲ. ಆದರೂ ನನಗೂ ನನ್ನ ಹೆಂಡತಿಗೂ ನಡುವೆ ಏನೋ ಸವೆದುಹೋಗಿದೆ. ನಾನೊಂದು ಮಾತು ಹೇಳಿದರೆ ಅದು ಅವಳಿಗೆ ಮುಟ್ಟುವಷ್ಟರಲ್ಲಿ ಹೊತ್ತಾಗಿರುತ್ತದೆ. ಏನೂ ಆಗದ ಕಡೆ ಸವೆಯುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಸೊಪ್ಪು ಬೆಳೆಯುವ ಒಬ್ಬ ರೈತನಿದ್ದ. ಅವನ ಹತ್ತಿರ ಅಪ್ಪನ ಕಾಲದ ಒಂದು ಪಿಕಪ್ ಗಾಡಿ ಇತ್ತು. ದಿನಾ ಬೆಳಿಗ್ಗೆ ಅದಕ್ಕೆ ಕೊತ್ತಂಬರಿ, ಮೆಂತ್ಯ, ದಂಟಿನ ಕಟ್ಟುಗಳನ್ನು ತುಂಬಿಕೊಂಡು ಪೇಟೆಗೆ ಹೋಗುತ್ತಿದ್ದ. ದಾರಿ ನಾಲೆಯ ಪಕ್ಕದ್ದು. ನೂಲು ಹಿಡಿದಂತೆ ನೇರ. ಹೋಗುವುದೂ ನೇರ, ಬರುವುದೂ ನೇರ.

ಗಾಡಿಯ ಸ್ಟೇರಿಂಗ್ ಸಡಿಲವಾಗಿತ್ತು. ಅಂಗೈಯಗಲ ತಿರುಗಿಸಿದರೂ ಕೆಳಗಿನ ಗಾಲಿಗಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಆಮೇಲೆ ಒಮ್ಮೆಲೇ ಮುಟ್ಟುತ್ತಿತ್ತು. ನೇರ ದಾರಿಯಲ್ಲೂ ಗಾಡಿ ಒಮ್ಮೆ ನಾಲೆಯ ಕಡೆ, ಒಮ್ಮೆ ಗದ್ದೆಯ ಕಡೆ ಎಳೆಯುತ್ತಿತ್ತು.

"ನಿಮ್ಮ ಗಾಡಿ ನಿಮ್ಮ ಹಾಗೇ," ಎನ್ನುತ್ತಿದ್ದಳು ಹೆಂಡತಿ. "ಕೂಗಿದ್ದು ಕೇಳಿಸುತ್ತೆ. ಓ ಅನ್ನೋದು ಮಾತ್ರ ಪುರುಸೊತ್ತಾದಾಗ."

ಸ್ಟೇರಿಂಗ್ ಕೆಳಗೆ ಒಂದು ಕಬ್ಬಿಣದ ಬಾಕ್ಸ್ ಇರುತ್ತದೆ. ಅದರ ನೆತ್ತಿಯಲ್ಲಿ ಒಂದು ಸ್ಕ್ರೂ. ಅದನ್ನು ಬಿಗಿ ಮಾಡಿದರೆ ಒಳಗಿನ ಭಾಗಗಳು ಒಂದಕ್ಕೊಂದು ಹತ್ತಿರವಾಗಿ ಸಡಿಲ ಕಡಿಮೆಯಾಗುತ್ತದೆ. ಇದನ್ನು ರೈತನಿಗೆ ಅವನ ಅಪ್ಪ ತೋರಿಸಿಕೊಟ್ಟಿದ್ದ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಗಾಡಿ ತೊಳೆದು ಕುಂಬಳಕಾಯಿ ಒಡೆಯುವ ಮೊದಲು ರೈತ ಆ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡುತ್ತಿದ್ದ. ನಾಲೆಯ ದಾರಿಯಲ್ಲಿ ಒಂದು ಸಲ ಓಡಿಸಿ ನೋಡಿ, ಸರಿಯಾಯಿತು ಎನ್ನುತ್ತಿದ್ದ. ಮುಂದಿನ ಆಯುಧಪೂಜೆಯ ಹೊತ್ತಿಗೆ ಅದು ಮತ್ತೆ ಸಡಿಲವಾಗಿರುತ್ತಿತ್ತು.

ಹೆಂಡತಿಯ ತವರು ಗುಡ್ಡದ ಮೇಲಿತ್ತು. ಅಲ್ಲಿಗೆ ಘಾಟಿ ರಸ್ತೆ. ಮದುವೆಯಾದ ಹೊಸದರಲ್ಲಿ ರೈತ ಅವಳನ್ನು ಎರಡು ಸಲ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದ. ಆಮೇಲೆ ಅವಳು ಯಾವಾಗ ಕೇಳಿದರೂ ಅವನದು ಒಂದೇ ಉತ್ತರ: "ಆ ತಿರುವುಗಳೇ ಸ್ಟೇರಿಂಗನ್ನ ತಿಂದು ಹಾಕಿದ್ದು. ಇನ್ನೊಂದು ಸಲ ಹತ್ತಿಸಿದರೆ ಉಳಿದದ್ದೂ ಹೋಗುತ್ತೆ."

ಅವಳು ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಕೆಲವು ವರ್ಷ ಹೋಗುತ್ತಲೇ ಇರಲಿಲ್ಲ. ಜಗಳವೇನೂ ಆಗಲಿಲ್ಲ.

ಮದುವೆಯಾದ ಹತ್ತನೆಯ ವರ್ಷ ಅವಳ ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ಹೆಸರಿಡುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಆ ಮಗುವಿಗೆ ಇವಳನ್ನು ಬಿಟ್ಟರೆ ಬೇರೆ ಸೋದರತ್ತೆ ಇರಲಿಲ್ಲ. ಮಗುವನ್ನು ಮಲಗಿಸಬೇಕಾದ ತೊಟ್ಟಿಲೂ ಇವರ ಮನೆಯಲ್ಲೇ ಇತ್ತು. ಚೊಚ್ಚಲ ಬಾಣಂತನ ಮುಗಿಸಿ ಬರುವಾಗ ತವರಿನವರು ಕೊಟ್ಟು ಕಳಿಸಿದ ಮರದ ತೊಟ್ಟಿಲು. ಅವಳೂ ಅವಳ ತಮ್ಮನೂ ಮಲಗಿ ಬೆಳೆದದ್ದು ಅದರಲ್ಲೇ.

"ಬಸ್ಸಿಗೆ ಹೋಗು," ಎಂದ ರೈತ.

"ಹೋಗ್ತೀನಿ. ತೊಟ್ಟಿಲಿಗೆ ಅರ್ಧ ಟಿಕೆಟ್ಟೋ, ಫುಲ್ ಟಿಕೆಟ್ಟೋ?" ಎಂದಳು ಹೆಂಡತಿ.

ರೈತ ಒಪ್ಪಿದ. ಹೆಸರಿಡುವ ಹಿಂದಿನ ದಿನ ಬೆಳಿಗ್ಗೆ, ಮಗನನ್ನು ಅಜ್ಜಿಯ ಹತ್ತಿರ ಬಿಟ್ಟು ಇಬ್ಬರೂ ಹೊರಟರು. ಘಾಟಿ ಹತ್ತುವುದಿದೆಯಲ್ಲ ಎಂದು ರೈತ ಈ ಸಲ ಸ್ಕ್ರೂವನ್ನು ಪೂರ್ತಿ ಒಂದು ಸುತ್ತು ಬಿಗಿ ಮಾಡಿದ್ದ. ನಾಲೆಯ ದಾರಿಯಲ್ಲಿ ಗಾಡಿ ಅತ್ತ ಇತ್ತ ಅಲುಗಲಿಲ್ಲ.

"ನೋಡಿದ್ಯಾ," ಎಂದ.

ಅವಳು ಹಿಂದೆ ತಿರುಗಿ ತೊಟ್ಟಿಲನ್ನು ನೋಡುತ್ತಿದ್ದಳು.

ಘಾಟಿಯ ಮೊದಲ ತಿರುವಿನಲ್ಲಿ ಸ್ಟೇರಿಂಗ್ ತಿರುಗಿತು. ತಿರುಗಿದ್ದು ಮತ್ತೆ ನೇರವಾಗಲಿಲ್ಲ. ರೈತ ಎರಡೂ ಕೈಯಿಂದ ಎಳೆದ. ಅದು ಕದಲಲಿಲ್ಲ. ಬ್ರೇಕ್ ತುಳಿದ. ಗಾಡಿ ಗುಡ್ಡದ ಮಣ್ಣಿಗೆ ಮೂತಿ ಒತ್ತಿ ನಿಂತಿತು. ರಸ್ತೆಯ ಇನ್ನೊಂದು ಬದಿಗೆ ಕಣಿವೆ ಇತ್ತು.

ಹೆಂಡತಿ ಮೊದಲು ಅವನ ಕೈಗಳನ್ನು ಮುಟ್ಟಿ ನೋಡಿದಳು. ಆಮೇಲೆ ಇಳಿದು ಹೋಗಿ ತೊಟ್ಟಿಲನ್ನು ಮುಟ್ಟಿ ನೋಡಿದಳು. ಎರಡೂ ಮುರಿದಿರಲಿಲ್ಲ.

"ಇಷ್ಟು ದಿನ ಬರೋಲ್ಲ ಅಂತಿತ್ತು," ಎಂದಳು. "ಈಗ ಬಿಡೋಲ್ಲ ಅಂತಿದೆ."

ಘಾಟಿಯ ಬುಡದಲ್ಲಿ ಒಬ್ಬ ಮುದಿ ಮೆಕ್ಯಾನಿಕ್ಕಿನ ಶೆಡ್ ಇತ್ತು. ಅವನು ಬಂದು ಮೊದಲು ಆ ಸ್ಕ್ರೂವನ್ನು ಸಡಿಲ ಮಾಡಿದ. ಗಾಡಿಯನ್ನು ಮೆಲ್ಲಗೆ ಶೆಡ್ಡಿಗೆ ಇಳಿಸಿದರು. ಅವನು ಬಾಕ್ಸನ್ನು ಬಿಚ್ಚಿ ಹೊರತೆಗೆದ. ಒಳಗಿನ ಕರಿ ಎಣ್ಣೆಯನ್ನು ಸುರಿದು, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ಅದರಲ್ಲಿ ದೊಡ್ಡ ಸ್ಕ್ರೂವಿನಂತೆ ಮೈತುಂಬ ಸುರುಳಿ ಇರುವ ಒಂದು ಉಕ್ಕಿನ ಸರಳು ಇತ್ತು. ಸ್ಟೇರಿಂಗ್ ತಿರುಗಿಸಿದರೆ ಆ ಸರಳು ತಿರುಗುತ್ತದೆ. ಅದರ ಸುರುಳಿಯಲ್ಲಿ ಒಂದು ರೋಲರ್ ಓಡಾಡಿ ಗಾಲಿಗಳನ್ನು ತಿರುಗಿಸುತ್ತದೆ.

"ತಿರುವು ತಿಂದಿರೋದು ಕಾಣಿಸ್ತಾ?" ಎಂದು ರೈತ ಕೈ ಚಾಚಿದ.

ಮೆಕ್ಯಾನಿಕ್ ಸರಳನ್ನು ಅವನಿಗೆ ಕೊಡಲಿಲ್ಲ. ಹೆಂಡತಿಯ ಕೈಗೆ ಕೊಟ್ಟ. "ಉಗುರು ಆಡಿಸಿ ನೋಡು ತಾಯಿ."

ಅವಳು ಒಂದು ತುದಿಯಿಂದ ಇನ್ನೊಂದು ತುದಿಗೆ ಉಗುರು ಎಳೆದಳು. "ನಡುವೆ ಗುಳಿ ಬಿದ್ದಿದೆ," ಎಂದಳು. "ಎರಡೂ ತುದಿಯಲ್ಲಿ ಸುರುಳಿ ಹರಿತವಾಗೇ ಇದೆ."

"ನಡು ಅಂದರೆ ನೇರ ಹೋಗೋ ಜಾಗ. ತುದಿ ಅಂದರೆ ತಿರುವು. ತುದಿ ನೋಡು, ತಯಾರಾದ ದಿನ ಹೇಗಿತ್ತೋ ಹಾಗೇ ಇದೆ. ಈ ಗಾಡಿ ತಿರುಗಿಯೇ ಇಲ್ಲ."

ರೈತ ತಲೆ ಕೆರೆದುಕೊಂಡ. "ವರ್ಷಾ ವರ್ಷಾ ಬಿಗಿ ಮಾಡಿದ್ದೀನಲ್ಲ."

"ನಡುವಿನ ಗುಳಿ ನೋಡಿ ಬಿಗಿ ಮಾಡಿದ್ರಿ ಯಜಮಾನ್ರೇ. ತುದಿಯಲ್ಲಿ ಗುಳಿ ಇಲ್ಲ. ಅಲ್ಲಿಗೆ ಹೋದ ರೋಲರ್‌ಗೆ ಉಸಿರಾಡೋಕೆ ಜಾಗ ಬೇಡವಾ?"

ಹೆಂಡತಿ ಗಂಡನ ಮುಖ ನೋಡಿದಳು. ಹತ್ತು ವರ್ಷದ ಬಸ್ಸುಗಳೆಲ್ಲ ಆ ನೋಟದಲ್ಲಿದ್ದವು. ಆದರೆ ಏನೂ ಅನ್ನಲಿಲ್ಲ. ಅದು ಅವಳಿಗೆ ಅಭ್ಯಾಸವಿಲ್ಲದ ಕೆಲಸ. ರೈತನಿಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮೆಕ್ಯಾನಿಕ್ ತನ್ನ ಸಾಮಾನಿನ ಪೆಟ್ಟಿಗೆಯ ತಳದಿಂದ ಎಣ್ಣೆಕಾಗದದ ಒಂದು ಪೊಟ್ಟಣ ತೆಗೆದ. ಒಂದು ಹೊಸ ಸರಳು, ಒಂದು ರೋಲರ್, ಎರಡು ಬೇರಿಂಗ್. ಇಂಥ ಗಾಡಿ ಇನ್ನೊಂದು ಬಂದೀತೆಂದು ಎಷ್ಟೋ ವರ್ಷದಿಂದ ಇಟ್ಟುಕೊಂಡದ್ದು. ಬಾಕ್ಸಿನ ಉಳಿದ ಭಾಗಗಳಿಗೆ ಅಂಟಿದ ಜಿಡ್ಡನ್ನು ತೆಗೆಯಲು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿದ. ರೈತ ಸೀಮೆಎಣ್ಣೆಯಲ್ಲಿ ಉಜ್ಜಿ ಕೊಟ್ಟ. ಅವಳು ಹಳೆಯ ಬಟ್ಟೆಯಲ್ಲಿ ಒರೆಸಿ ಇಟ್ಟಳು.

"ಇನ್ನು ಎಷ್ಟು ತಿರುವಿದೆ?" ಎಂದು ರೈತ ತಗ್ಗಿದ ದನಿಯಲ್ಲಿ ಕೇಳಿದ.

"ಹದಿನಾರು," ಎಂದಳು ಹೆಂಡತಿ. "ಒಂದಕ್ಕೆ ನೀವು ಮೂತಿ ಒತ್ತಿಸಿ ಬಂದಿದ್ದೀರಲ್ಲ."

"ಒಟ್ಟು ಹದಿನೇಳು ಅಂತ ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ ಏನು? ಮೊದಲನೆಯದು ಹುಣಸೆಮರದ ತಿರುವು. ನಾಲ್ಕನೆಯದರಲ್ಲಿ ಬಸ್ಸು ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕ್ತಾರೆ. ಏಳನೆಯದಕ್ಕೆ ವಾಂತಿ ತಿರುವು ಅಂತಲೇ ಹೆಸರು. ಹನ್ನೊಂದರಲ್ಲಿ ನಮ್ಮಪ್ಪನ ಹಲಸಿನಹಣ್ಣು ಬಸ್ಸಿನ ಮೇಲಿಂದ ಉರುಳಿ ಕಣಿವೆಗೆ ಹೋಯಿತು, ಊರು ತಲುಪೋವರೆಗೂ ಕಂಡಕ್ಟರನ್ನ ಬೈದ. ಹದಿನೇಳರಲ್ಲಿ ನಮ್ಮ ಮನೆ ಹೆಂಚು ಕಾಣುತ್ತೆ."

"ಬಸ್ಸಿನಲ್ಲಿ ಕೂತು ಎಣಿಸಿದ್ಯಾ?"

ಅವಳು ಕೈಯಲ್ಲಿದ್ದ ಬೋಲ್ಟನ್ನು ಒರೆಸಿ ಕೆಳಗಿಟ್ಟಳು. "ಮದುವೆ ಮುಗಿಸಿ ನಿಮ್ಮ ಜೊತೆ ಇಳಿದು ಬಂದೆನಲ್ಲ, ಆವತ್ತು ಎಣಿಸಿದ್ದು. ಮೇಲೆ ಹೋಗೋ ದಾರಿ ಮರೆತುಹೋಗಬಾರದು ಅಂತ."

ರೈತ ತೊಳೆದದ್ದನ್ನೇ ಇನ್ನೊಂದು ಸಲ ತೊಳೆದ.

ಸಂಜೆಯ ಹೊತ್ತಿಗೆ ಬಾಕ್ಸ್ ತನ್ನ ಜಾಗಕ್ಕೆ ಕೂತಿತು. ಮೆಕ್ಯಾನಿಕ್ ಗಾಲಿಗಳನ್ನು ನೇರ ಮಾಡಿ, ಮೇಲಿನ ಸ್ಕ್ರೂವನ್ನು ಬೆರಳಿನಲ್ಲಿ ಮಾತಾಡಿಸಿದಂತೆ ಸ್ವಲ್ಪವೇ ಬಿಗಿ ಮಾಡಿದ. ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿದ. ನಡುವೆ ಹಿಡಿತವಿತ್ತು. ತುದಿಗಳಲ್ಲಿ ತುಸು ಸಡಿಲವಿತ್ತು.

"ಅಲ್ಲಿ ಸಡಿಲ ಯಾಕೆ ಬಿಟ್ಟೆ?" ಎಂದ ರೈತ.

"ದೂರ ಹೋದದ್ದು ತಾನಾಗೇ ವಾಪಸ್ಸು ಬರಬೇಡವಾ?" ಎಂದ ಮೆಕ್ಯಾನಿಕ್. "ಮನೆಗೆ ಹೋದ ಮೇಲೆ ಇದನ್ನು ಮುಟ್ಟಬೇಡಿ. ಆಯುಧಪೂಜೆಗೆ ಬರೀ ಕುಂಕುಮ ಹಚ್ಚಿ."

ರಾತ್ರಿ ಇಬ್ಬರೂ ಶೆಡ್ಡಿನಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಗಾಡಿ ಘಾಟಿ ಹತ್ತಿತು. ಪ್ರತಿ ತಿರುವಿನಲ್ಲೂ ಸ್ಟೇರಿಂಗ್ ತಿರುಗಿತು. ತಿರುವು ದಾಟಿದ ಕೂಡಲೇ ರೈತನ ಅಂಗೈಯೊಳಗೆ ಜಾರಿ ತಾನಾಗಿ ನೇರವಾಯಿತು. ನಾಲ್ಕನೆಯದರಲ್ಲಿ ಅವನು ಗಾಡಿ ನಿಲ್ಲಿಸಿ, ಬೇಕಿಲ್ಲದಿದ್ದರೂ ರೇಡಿಯೇಟರಿಗೆ ನೀರು ಹಾಕಿದ. ಹದಿನೇಳರಲ್ಲಿ ಹೆಂಚು ಕಾಣಿಸಿತು. ಮಧ್ಯಾಹ್ನ ಅವಳು ಮಗುವನ್ನು ತೊಟ್ಟಿಲಿನಲ್ಲಿ ಮಲಗಿಸಿ, ಬಾಗಿ, ಕಿವಿಯಲ್ಲಿ ಹೆಸರು ಹೇಳಿದಳು.

ಇಳಿದು ಬರುವಾಗ ತಿರುವುಗಳ ಹೆಸರನ್ನು ರೈತನೇ ಹೇಳಿದ. ಎರಡು ಕಡೆ ತಪ್ಪಿದ. ಅವಳು ತಿದ್ದಿದಳು.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಗುರುಗಳೇ, ಆ ರೈತನಿಗೆ ಬಾಕ್ಸ್ ಬಿಚ್ಚಿ ತೋರಿಸುವವನೊಬ್ಬ ಸಿಕ್ಕಿದ. ನನ್ನ ಮನೆಯಲ್ಲಿ ಸವೆದಿರುವುದು ಎಲ್ಲಿ ಎಂದು ನನಗೆ ತಿಳಿಯುವುದು ಹೇಗೆ?"

ಗುರುಗಳು ಕೇಳಿದರು: "ನಿನ್ನ ಹೆಂಡತಿಯ ತವರಿಗೆ ಎಷ್ಟು ತಿರುವು?"