ಹನ್ನೆರಡನೆಯ ಮಣೆ

ಪೂಜ್ಯ ಸವರಿನಾಥ ಸ್ವಾಮಿಗಳು ಸೂಜಿಕಲ್ಲುಪಾಳ್ಯದ ಕ್ರೈಸ್ತ ದೇವಾಲಯಕ್ಕೆ ಗುರುಗಳಾಗಿ ಬಂದಾಗ ಅವರ ಬಳಿ ಎರಡು ನಿಲುವಂಗಿ, ಒಂದು ಜಪಮಾಲೆ, ಒಂದು ಚಾಪೆ ಇದ್ದವು. ಕೊನೆಯವರೆಗೂ ಅಷ್ಟೇ ಇದ್ದವು, ಚಾಪೆಯನ್ನು ಮಾತ್ರ ಯಾರಿಗೋ ಕೊಟ್ಟುಬಿಟ್ಟಿದ್ದರು. ದೇವಾಲಯವೆಂದರೂ ನಾಡಹೆಂಚಿನ ಸೂರು, ಸಗಣಿ ಸಾರಿಸಿದ ನೆಲ.

ಪವಿತ್ರ ಗುರುವಾರದ ಸಂಜೆ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ, ಅಲ್ಲಿ ಹನ್ನೆರಡು ಮಣೆ ಹಾಕುತ್ತಿದ್ದರು. ತುಂಬುತ್ತಿದ್ದದ್ದು ಹನ್ನೊಂದೇ. ಕೊನೆಯದು ಯೇಸುವನ್ನು ಹಿಡಿದುಕೊಟ್ಟ ಗುರುದ್ರೋಹಿ ಯೂದನದು, ಕೂತರೆ ಮನೆಗೆ ಕೇಡು ಎಂದು ಊರವರ ನಂಬಿಕೆ. ಸ್ವಾಮಿಗಳು ಬಲವಂತ ಮಾಡಲಿಲ್ಲ, ಮಣೆಯನ್ನು ತೆಗೆಸಲೂ ಇಲ್ಲ. ವರ್ಷವರ್ಷವೂ ಅದರ ಮುಂದೆಯೂ ಮೊಣಕಾಲೂರಿ, ಬರಿ ನೆಲಕ್ಕೆ ನೀರೆರೆದು, ಒರೆಸಿ, ಬಾಗಿ ಮುತ್ತಿಡುತ್ತಿದ್ದರು. ಸ್ವಾಮಿಗಳಿಗೆ ಅರಳುಮರಳು ಎಂದು ನಕ್ಕವರೂ ಉಂಟು.

ಒಂದು ವರ್ಷ ತೋಮಯ್ಯ ಬಂದ. ಕದ್ದು ಕಡಿದ ಗಂಧದ ಮರವನ್ನು ಮನೆಯ ಹುಲ್ಲುಬಣವೆಯಲ್ಲಿ ಬಚ್ಚಿಟ್ಟವನು ಅವನೇ. ಪೊಲೀಸರ ಕೈಗೆ ಅದು ಸಿಕ್ಕಾಗ, ಕೋರ್ಟಿನಲ್ಲಿ ಬೈಬಲ್ ಮೇಲೆ ಕೈಯಿಟ್ಟು “ನಮ್ಮಣ್ಣಂದು” ಎಂದುಬಿಟ್ಟಿದ್ದ. ಅಣ್ಣ ಯಾಗಪ್ಪ ತಮ್ಮನ ಮುಖವನ್ನೊಮ್ಮೆ ನೋಡಿ, ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋದ. ಅಂದಿನಿಂದ ತೋಮಯ್ಯನ ಕಣ್ಣಿಗೆ ನಿದ್ದೆ ಹತ್ತದು. ನಿಜ ಹೇಳೋಣವೆಂದರೆ ಜೈಲಿನ ಭಯ, ಹೇಳದಿದ್ದರೆ ದೇವರ ನ್ಯಾಯದ ಭಯ. ಕೊನೆಗೊಂದು ತರ್ಕ ಹಿಡಿದ: ಎಲ್ಲವೂ ದೇವರಿಗೆ ಮೊದಲೇ ಗೊತ್ತು, ಅಂದಮೇಲೆ ಮಾಡಿಸಿದವನೂ ಅವನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಸ್ವರ್ಗವೇ ಡೊಂಕು ಅಂದ.

ಆ ಹಟದಲ್ಲೇ ಹೋಗಿ ಹನ್ನೆರಡನೆಯ ಮಣೆಯ ಮೇಲೆ ಕೂತ. ಜನ ಗುಸುಗುಟ್ಟಿದರು. ನಿದ್ದೆಗೆಟ್ಟ ಅವನಿಗೆ ಎಲ್ಲವೂ ಕನಸಿನೊಳಗೆ ನಡೆದಂತಿತ್ತು. ಧೂಪದ ಹೊಗೆಯಲ್ಲಿ ದೀಪಗಳು ತೇಲುತ್ತಿದ್ದವು. ಎಲ್ಲೋ ದೂರದಲ್ಲಿ ನೀರು ಸುರಿಯುವ ಸದ್ದು ಹತ್ತಿರ ಹತ್ತಿರ ಬರುತ್ತಿತ್ತು. ಕಣ್ಣು ತೆರೆದಾಗ ನರೆತ ತಲೆಯೊಂದು ತನ್ನ ಪಾದದ ಮೇಲೆ ಬಾಗಿತ್ತು. ನೀರು ತಣ್ಣಗಿತ್ತು. ಚಿಕ್ಕಂದಿನಲ್ಲಿ ಕೆರೆಯಿಂದ ಬಂದ ಮೇಲೆ ಅಣ್ಣ ಹೀಗೆಯೇ ಅವನ ಕಾಲು ತೊಳೆಯುತ್ತಿದ್ದ.

ತೋಮಯ್ಯ ಪಿಸುಗುಟ್ಟಿದ: “ಸ್ವಾಮಿ, ಯೂದ ಹಿಂಗೆ ಮಾಡ್ತಾನೆ ಅಂತ ಯೇಸುಸ್ವಾಮಿಗೆ ಮೊದ್ಲೇ ಗೊತ್ತಿರ್ಲಿಲ್ವಾ?”

“ಗೊತ್ತಿತ್ತಪ್ಪ.”

“ಮತ್ತೆ ಅವನ ತಪ್ಪೇನು?”

ಸ್ವಾಮಿಗಳು ಬೆರಳ ಸಂದುಗಳನ್ನು ಒರೆಸುತ್ತಲೇ ಇದ್ದರು. “ಗೊತ್ತಿದ್ದೂ ಅವನ ಕಾಲು ತೊಳೆದ್ರು. ಕಟ್ಟಿಹಾಕ್ಲಿಲ್ಲ.”

ತೋಮಯ್ಯನ ತರ್ಕವೆಲ್ಲ ಆ ಬೋಗುಣಿಯ ನೀರಿಗೆ ಬಿತ್ತು. ಕಾಲು ತನ್ನವು, ಅವು ನಡೆದ ದಾರಿಯೂ ತನ್ನದೇ. ಕೇಳಿದ: “ಅವನು ತಿರುಗಿ ಬಂದಿದ್ರೆ?”

“ಈ ಮಣೆ ಯಾಕೆ ತೆಗೆಸಿಲ್ಲ ಅಂದ್ಕೊಂಡೆ?” ಎಂದು ಸ್ವಾಮಿಗಳು ಅವನ ಪಾದಕ್ಕೆ ಮುತ್ತಿಟ್ಟರು.

ಅವನು ಎದ್ದು ಹೊರಟ. ಬಾಗಿಲವರೆಗೂ ಒದ್ದೆ ಹೆಜ್ಜೆಗಳು ಮೂಡಿದವು. “ಯೂದನೂ ಹಿಂಗೇ ಎದ್ದು ಹೋಗಿದ್ದು” ಎಂದು ಯಾರೋ ಅಂದರು. ಸ್ವಾಮಿಗಳು ಕರೆಯಲಿಲ್ಲ, ತಡೆಯಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದ ಅವರ ತುಟಿ ಮಾತ್ರ ಅಲುಗುತ್ತಿತ್ತು.

ಶುಕ್ರವಾರ ಬೆಳಗಾಗುವಷ್ಟರಲ್ಲಿ ತೋಮಯ್ಯ ಪೇಟೆಯ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದ. “ಗಂಧ ನಾನು ಕದ್ದಿದ್ದು. ಸುಳ್ಳು ಹೇಳಿದ್ದೂ ನಾನೇ,” ಎಂದ. ಅಂದು ರಾತ್ರಿ, ಲಾಕಪ್ಪಿನ ಕಲ್ಲುನೆಲದ ಮೇಲೆ, ಮಗುವಿನಂತೆ ನಿದ್ದೆ ಹೋದ.

ಯಾಗಪ್ಪ ಬಿಡುಗಡೆಯಾಗಿ ಊರಿಗೆ ಬಂದ, ತೋಮಯ್ಯ ಜೈಲು ಸೇರಿದ. ಮುಂದಿನ ವರ್ಷ ಈಸ್ಟರ್ ಕಳೆದ ಮೇಲೆ ಯಾಗಪ್ಪ ತಮ್ಮನನ್ನು ನೋಡಲು ಹೋದ. ಇಬ್ಬರೂ ಕಂಬಿಯ ಆಚೆ ಈಚೆ ನಿಂತರು. ಯಾಗಪ್ಪ ಹೇಳಿದ:

“ಈ ಸಲ ನಿನ್ನ ಮಣೆ ಮೇಲೆ ನಾನು ಕೂತಿದ್ದೆ ಕಣೋ.”

“ಅಯ್ಯೋ, ಅದ್ಯಾಕಣ್ಣ? ಅದು ಯೂದಂದು.”

“ಯಾರ್ದಾದ್ರೂ ಆಗ್ಲಿ. ನೀನು ಬರೋವರ್ಗೂ ಒಬ್ರು ಜಾಗ ಹಿಡ್ದಿರ್ಬೇಕಲ್ಲ.”

ತೋಮಯ್ಯ ಕಂಬಿಗೆ ಹಣೆಯಿಟ್ಟು ಗಳಗಳನೆ ಅತ್ತ. ದೇವರ ನ್ಯಾಯಕ್ಕೆ ಅವನು ಹೆದರಿದ್ದು ಅಂದೇ ಕೊನೆ.