ಶಲ್ಯದ ಕೆಳಗಿನ ಕೈ

“ಐದು ಲಕ್ಷ ರೂಪಾಯಿ, ಗುರುಗಳೇ. ವ್ಯಾಪಾರ ನಡೆಸುವ ವಿದ್ಯೆಯನ್ನು ಹೊಸ ಬಗೆಯಲ್ಲಿ ಕಲಿಸುತ್ತೇವೆ ಎಂದು ಮುಂದೆ ಬರುವ ಉಪಾಧ್ಯಾಯರಿಗೆ ಅದನ್ನು ಹಂಚಬೇಕು. ಹಂಚುವ ಹೊಣೆ ನನ್ನ ಮೇಲೆ ಬಿದ್ದಿದೆ. ಪ್ರಯೋಗ ಕೈಕೊಟ್ಟರೆ ತೆಗೆದುಕೊಂಡವರೇ ಹಣ ತುಂಬಿಕೊಡಬೇಕು ಎಂದು ಷರತ್ತು ಹಾಕಿದರೆ ತಪ್ಪೇ?”

ಕೇಳಿದವನು ವಿರೂಪಾಕ್ಷ. ಮ್ಯಾನೇಜ್‌ಮೆಂಟ್ ಕಾಲೇಜೊಂದರಲ್ಲಿ ಪಾಠ ಹೇಳುವವನು. ಗುರುಗಳು ಒಂದು ಕಾಲಕ್ಕೆ ದೊಡ್ಡ ಮಂಡಿ ನಡೆಸಿ, ಅದನ್ನು ಮಕ್ಕಳ ಕೈಗೊಪ್ಪಿಸಿ ಕುಳಿತವರು. ಬಂದವರಿಗೆ ಕತೆ ಕೊಡುತ್ತಿದ್ದರು, ಸಾಲ ಮಾತ್ರ ಕೊಡುತ್ತಿರಲಿಲ್ಲ.

“ಷರತ್ತು ಯಾಕೆ?” ಎಂದರು ಗುರುಗಳು.

“ಭಯ. ಹಣ ಮುಳುಗಿದರೆ ಎಲ್ಲರೂ ನನ್ನತ್ತ ತಿರುಗುತ್ತಾರೆ.”

“ಸರಿ. ಹಾಗಾದರೆ ಕೂತು ಕೇಳು.”

ಒಂದು ಊರಿನಲ್ಲಿ ಒಣಮೆಣಸಿನಕಾಯಿಯ ದೊಡ್ಡ ಪೇಟೆ ಇತ್ತು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ರೂಢಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು ಬಲಗೈ ಹಿಡಿದುಕೊಳ್ಳುತ್ತಿದ್ದರು. ಕೈಗಳ ಮೇಲೆ ಒಂದು ಶಲ್ಯ ಬೀಳುತ್ತಿತ್ತು. ಅದರ ಕೆಳಗೆ ಬೆರಳು ಒತ್ತಿ ಬೆಲೆ ಕೇಳುವುದು, ಬೆರಳು ಒತ್ತಿ ಬೆಲೆ ಹೇಳುವುದು. ಒಂದು ಬೆರಳಿಗೆ ಒಂದು ರೂಪಾಯಿ. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ಒಪ್ಪಿಗೆಯಾದರೆ ಕೈ ಕುಲುಕಬೇಕು. ಕುಲುಕಿದ ಮೇಲೆ ದೇವರು ಬಂದು ಹೇಳಿದರೂ ಮಾತು ಹಿಂದಕ್ಕಿಲ್ಲ.

ಆ ಊರಿನ ವರ್ತಕರ ಸಂಘ ತಮ್ಮ ಮಕ್ಕಳಿಗಾಗಿ ಒಂದು ಶಾಲೆ ನಡೆಸುತ್ತಿತ್ತು. ಶಾಲೆಯಲ್ಲಿ ಒಬ್ಬ ಉಪಾಧ್ಯಾಯನಿದ್ದ. ಅವನು ಕರಿಹಲಗೆಯ ಮೇಲೆ ಕೈಯ ಚಿತ್ರ ಬರೆದು ಬೆರಳಿನ ಲೆಕ್ಕ ಹೇಳಿಕೊಡುತ್ತಿದ್ದ. ಹುಡುಗರು ಚೆನ್ನಾಗಿ ಬಾಯಿಪಾಠ ಮಾಡುತ್ತಿದ್ದರು. ಆದರೆ ಪೇಟೆಗೆ ಇಳಿದು, ಗುರುತಿಲ್ಲದವನ ಕೈಯೊಳಗೆ ತಮ್ಮ ಕೈ ಸಿಕ್ಕಿದೊಡನೆ ಬೆವರುತ್ತಿದ್ದರು. ಹಳೆಯ ವ್ಯಾಪಾರಿಗೆ ಬೆರಳಿಗಿಂತ ಮೊದಲು ಆ ಬೆವರು ಸಿಗುತ್ತಿತ್ತು. ಮುಂದಿನದು ಅವನ ಇಷ್ಟ.

ಉಪಾಧ್ಯಾಯನಿಗೆ ಇದು ಸರಿಬರಲಿಲ್ಲ. ಸಂಘದ ಮುಂದೆ ಹೋಗಿ ನಿಂತ. “ಸಾವಿರ ರೂಪಾಯಿ ಕೊಡಿ. ಹುಡುಗರ ಕೈಗೇ ಹಣ ಕೊಟ್ಟು ಪೇಟೆಗೆ ಕಳಿಸುತ್ತೇನೆ. ಅವರೇ ಕೊಳ್ಳಲಿ, ಅವರೇ ಮಾರಲಿ. ಆಮೇಲೆ ಶಾಲೆಗೆ ಬಂದು ಎಲ್ಲಿ ಸೋತೆವು ಎಂದು ಹೇಳಲಿ. ಪಾಠ ಅಲ್ಲಿಂದ ಶುರುವಾಗುತ್ತದೆ” ಎಂದ.

ಸಂಘದ ಯಜಮಾನ ಕೇಳಿದ, “ಹಣ ಕಳೆದರೆ?”

“ಒಂದಿಷ್ಟು ಕಳೆಯುತ್ತಾರೆ, ಯಜಮಾನರೇ. ಈಜು ಕಲಿಯುವವನು ನೀರು ಕುಡಿಯಲೇಬೇಕು.”

“ಕುಡಿಯಲಿ ಮೇಷ್ಟ್ರೇ. ನಮ್ಮ ಕೊಡದ ನೀರು ಬೇಡ.”

ಎಲ್ಲರೂ ನಕ್ಕರು. ಆದರೆ ಯಜಮಾನನ ಮಗ ಮುರಿಗೆಪ್ಪನೂ ಅದೇ ಶಾಲೆಯಲ್ಲಿದ್ದ. ಆ ಹುಡುಗನ ಕೈ ಉಳಿದವರಿಗಿಂತ ಹೆಚ್ಚು ಬೆವರುತ್ತದೆಂದು ಯಜಮಾನನಿಗೆ ಗೊತ್ತಿತ್ತು. ನಾಳೆ ತನ್ನ ಮಂಡಿ ಆ ಕೈಗೇ ಹೋಗಬೇಕು. ಆದ್ದರಿಂದ ಅವನು ಇಲ್ಲವೆನ್ನಲಿಲ್ಲ. ಹಣ ಕೊಡಿಸಿದ, ಜೊತೆಗೆ ಒಂದು ಷರತ್ತು ಹಾಕಿಸಿದ. ವರ್ಷದ ಕೊನೆಗೆ ಸಾವಿರವೂ ಸಂಘದ ಪೆಟ್ಟಿಗೆಗೆ ಬಂದು ಬೀಳಬೇಕು, ಇಲ್ಲವಾದರೆ ಉಪಾಧ್ಯಾಯನ ಮನೆ ಸಂಘಕ್ಕೆ ಸೇರಬೇಕು.

ಉಪಾಧ್ಯಾಯನಿಗೆ ತನ್ನ ಯೋಚನೆಯ ಮೇಲೆ ಮೋಹ. ಉಳಿದೆಲ್ಲವನ್ನೂ ಮರೆತು ಒಪ್ಪಿಕೊಂಡು, ಮನೆಯ ಪತ್ರವನ್ನು ಸಂಘದ ಕೈಗಿಟ್ಟ. ಸುದ್ದಿ ತಿಳಿದ ಹೆಂಡತಿ ಬೈಯಲಿಲ್ಲ, ಅಳಲಿಲ್ಲ. “ನಮ್ಮಪ್ಪ ಕೊಟ್ಟ ಮನೆ. ಈಗ ನಿಮ್ಮ ಹುಡುಗರ ಬೆರಳಿನ ಮೇಲೆ ನಿಂತಿದೆ” ಎಂದಳು. ಆ ರಾತ್ರಿ ಅವನು ಎರಡು ಸಲ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡಿದ.

ಮೊದಲ ಪೇಟೆಯ ದಿನ ಹುಡುಗರು ಹೊರಟರು. ಉಪಾಧ್ಯಾಯ ದೂರದಲ್ಲಿ ನಿಂತು ನೋಡಿದ. ಶಲ್ಯಗಳು ಬಿದ್ದವು, ಎದ್ದವು. ಕೆಳಗೆ ಏನು ನಡೆಯುತ್ತಿದೆಯೋ ಕಾಣುತ್ತಿರಲಿಲ್ಲ. ಸಂಜೆ ಲೆಕ್ಕ ನೋಡಿದರೆ ನಷ್ಟ. ಒಬ್ಬ ಹುಡುಗ ನಾಚಿಕೊಂಡು, “ಎದುರಿನವನು ಬಹಳ ಹೊತ್ತು ಸುಮ್ಮನಿದ್ದ ಸರ್. ನನಗೆ ಹೆದರಿಕೆಯಾಗಿ ನಾನೇ ಏರಿಸಿಬಿಟ್ಟೆ” ಎಂದ. ಅದು ಒಳ್ಳೆಯ ಪಾಠ. ಉಪಾಧ್ಯಾಯ ಹಣ ಕೇಳಿದ್ದೇ ಆ ಮಾತಿಗಾಗಿ. ಆದರೆ ಅವನ ಕಿವಿಗೆ ಅದು ಬೀಳಲಿಲ್ಲ. ಅವನ ಕಣ್ಣಿಗೆ ಕಂಡದ್ದು ತನ್ನ ಮನೆಯ ಬಾಗಿಲು, ಅದಕ್ಕೆ ಸಂಘದವರು ಜಡಿದ ಬೀಗ.

ಮುಂದಿನ ಪೇಟೆಗೆ ಮೊದಲೇ ಅವನು ತನಗೆ ಬೇಕಾದ ದಲ್ಲಾಳಿಗಳನ್ನು ಕಂಡ. “ನನ್ನ ಹುಡುಗರು ನಿಮ್ಮ ಹತ್ತಿರವೇ ಬರುವಂತೆ ಮಾಡುತ್ತೇನೆ. ನೀವು ನ್ಯಾಯದ ಬೆಲೆ ಬಿಟ್ಟು ಕದಲಬೇಡಿ. ಅವರು ತಪ್ಪು ಬೆರಳು ಒತ್ತಿದರೆ ನೀವು ಸರಿಯಾದ ಬೆರಳು ಒತ್ತಿ. ಅವರಿಗೆ ತಿಳಿಯುವುದು ಬೇಡ” ಎಂದ. ದಲ್ಲಾಳಿಗಳಿಗೂ ತಮ್ಮ ದಲಾಲಿ ಸಿಗುವುದರಿಂದ ಒಪ್ಪಿದರು. ಕೊಂಡ ಮಾಲನ್ನು ಅವರೇ ಮಾರಿಸಿಯೂ ಕೊಟ್ಟರು.

ಆವತ್ತಿನಿಂದ ನಷ್ಟ ನಿಂತಿತು. ಹುಡುಗ ಹೆಚ್ಚು ಒತ್ತಿದರೆ ಎದುರಿನ ಕೈ ಕಡಿಮೆ ಒತ್ತುತ್ತಿತ್ತು. ಹುಡುಗ ತೀರಾ ಕಡಿಮೆ ಒತ್ತಿದರೆ ಎದುರಿನ ಕೈ ಮೆಲ್ಲನೆ ಏರಿಸುತ್ತಿತ್ತು. ಹುಡುಗರು ಅದಕ್ಕೆ ಹೊಂದಿಕೊಂಡರು. ಕೈ ಬೆವರುವುದು ನಿಂತುಹೋಯಿತು. ಸಂಘದವರು ಬಂದು ನೋಡಿದರು. ಮುರಿಗೆಪ್ಪ ಶಲ್ಯದ ಕೆಳಗೆ ಕೈಯಿಟ್ಟು ಆಕಾಶ ನೋಡುತ್ತ ವ್ಯಾಪಾರ ಮುಗಿಸಿದ. ಯಜಮಾನನ ಎದೆ ಹಗುರಾಯಿತು.

ವರ್ಷದ ಕೊನೆಗೆ ಉಪಾಧ್ಯಾಯ ಸಾವಿರ ರೂಪಾಯಿಯನ್ನು ಸಂಘದ ಮುಂದೆ ಸುರಿದ. ಮೊದಲ ದಿನದ ನಷ್ಟವನ್ನು ತನ್ನ ಸಂಬಳದಿಂದ ತುಂಬಿದ್ದ, ಅದನ್ನು ಹೇಳಲಿಲ್ಲ. ಅವನಿಗೆ ಶಾಲು ಹೊದಿಸಿದರು. ಮನೆಯ ಪತ್ರ ಮರಳಿ ಕೊಟ್ಟರು. ಬೇರೆ ಊರುಗಳ ಸಂಘದವರು ಬಂದು ಪದ್ಧತಿ ಏನೆಂದು ವಿಚಾರಿಸಿದರು. ಷರತ್ತನ್ನು ಮಾತ್ರ ಅಕ್ಷರಶಃ ಬರೆದುಕೊಂಡು ಹೋದರು.

ಮರುವರ್ಷ ಯಜಮಾನ ತನ್ನ ಬಂಡವಾಳದ ಬಹುಪಾಲನ್ನು ಮಗನಿಗೆ ಕೊಟ್ಟು, ಮಾಲು ಕೊಳ್ಳಲು ಪರಸ್ಥಳದ ಪೇಟೆಗೆ ಕಳಿಸಿದ. ಅಲ್ಲಿ ಉಪಾಧ್ಯಾಯನಿಗೆ ಬೇಕಾದವರು ಯಾರೂ ಇರಲಿಲ್ಲ.

ಒಬ್ಬ ವ್ಯಾಪಾರಿ ಕೈ ಚಾಚಿದ. ದಪ್ಪ ಕೈ, ತಣ್ಣಗಿತ್ತು. ಶಲ್ಯ ಬಿತ್ತು. ಮುರಿಗೆಪ್ಪ ನ್ಯಾಯದ ಬೆಲೆಯನ್ನೇ ಒತ್ತಿದ. ಆ ಕೈ ಉತ್ತರಿಸಲಿಲ್ಲ. ಸುಮ್ಮನೆ ಹಿಡಿದುಕೊಂಡಿತ್ತು. ಮುರಿಗೆಪ್ಪ ಕಾದ. ಹೀಗೆ ಸುಮ್ಮನಿರುವ ಕೈ ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಆ ಕೈ ಎರಡು ಬೆರಳು ಹೆಚ್ಚು ಒತ್ತಿತು.

ಮುರಿಗೆಪ್ಪನಿಗೆ ಸಮಾಧಾನವಾಯಿತು. ತಾನು ತಪ್ಪಿದ್ದೆ, ಇವರು ತಿದ್ದಿದರು ಎಂದುಕೊಂಡ. ಕೈ ಕುಲುಕಿದ.

ವ್ಯಾಪಾರಿಗೇ ಆಶ್ಚರ್ಯ. ಅವನು ಹಗ್ಗಜಗ್ಗಾಟಕ್ಕೆ ಸಿದ್ಧನಾಗಿ ನಿಂತವನು. ಹುಡುಗನ ಮುಖ ನೋಡಿದ. ಎಂಥ ಕೈ ತನಗೆ ಸಿಕ್ಕಿದೆಯೆಂದು ಅವನಿಗೆ ಅರ್ಥವಾಯಿತು. ಹಿಡಿದ ಕೈಯನ್ನು ಅವನು ಬಿಡಲಿಲ್ಲ.

“ಇನ್ನೊಂದು ರಾಶಿ ಇದೆ ತಮ್ಮಾ, ಅದನ್ನೂ ನೋಡಿಬಿಡೋಣ” ಎಂದ. ಮತ್ತೆ ಬೆರಳು ಒತ್ತಿದ, ಇನ್ನೂ ಮೇಲಕ್ಕೆ. ಮುರಿಗೆಪ್ಪ ಒಪ್ಪಿದ. ಮೂರನೆಯ ರಾಶಿಯ ಹೊತ್ತಿಗೆ ಅವನಿಗೆ ಏನೋ ಸರಿಯಿಲ್ಲವೆನಿಸಿತು. ಸುತ್ತ ನಿಂತವರು ಒಬ್ಬರಿಗೊಬ್ಬರು ಮೊಣಕೈ ತಿವಿಯುತ್ತಿದ್ದರು. ಕೈ ಎಳೆದುಕೊಳ್ಳಲು ನೋಡಿದ. ಬರಲಿಲ್ಲ. ಕೂಗೋಣವೆಂದರೆ ಆ ಪೇಟೆಯಲ್ಲಿ ಬಾಯಿ ತೆರೆಯುವವನು ವ್ಯಾಪಾರಿಯೇ ಅಲ್ಲ. ಶಲ್ಯದ ಕೆಳಗೆ ಆ ಕೈ ಒತ್ತುತ್ತಲೇ ಇತ್ತು. ಅವನು ಕುಲುಕುತ್ತಲೇ ಹೋದ. ತಂದೆಯ ಹಣ ಮುಗಿದ ಮೇಲೆ ಆ ಕೈ ತಾನಾಗಿ ಸಡಿಲವಾಯಿತು.

ಯಜಮಾನನ ಮಂಡಿ ಆ ವರ್ಷವೇ ಮುಚ್ಚಿತು. ಮುರಿಗೆಪ್ಪ ಆಮೇಲೆ ಯಾರಿಗೂ ಬಲಗೈ ಕೊಡುತ್ತಿರಲಿಲ್ಲ. ಊಟ ಬಡಿಸಲು ತಾಯಿ ಹತ್ತಿರ ಬಂದರೂ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದ.

ಯಜಮಾನ ಉಪಾಧ್ಯಾಯನ ಮನೆಗೆ ಬಂದ. ಜಗಲಿಯ ಮೇಲೆ ಕೂರಲಿಲ್ಲ. “ಒಂದು ವರ್ಷ ನನ್ನ ಮಗನಿಗೆ ಏನು ಕಲಿಸಿದಿರಿ ಮೇಷ್ಟ್ರೇ?” ಎಂದು ಕೇಳಿದ.

“ಅವನಿಗೆ ಕಲಿಸಲು ಪುರುಸೊತ್ತೆಲ್ಲಿತ್ತು, ಯಜಮಾನರೇ? ವರ್ಷವಿಡೀ ನಾನು ಈ ಮನೆ ಕಾಯುತ್ತಿದ್ದೆ.”

ಯಜಮಾನ ಆ ಮನೆಯ ಗೋಡೆಯನ್ನೊಮ್ಮೆ ನೋಡಿ, ಬಂದ ದಾರಿ ಹಿಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು.

ವಿರೂಪಾಕ್ಷ ಕೇಳಿದ, “ಮತ್ತೆ ಸಂಘದ ಹಣ? ಕೊನೆಗೆ ಅವರಿಗೆ ದಕ್ಕಿದ್ದೇನು?”

“ಕೊಟ್ಟದ್ದು ಸಾವಿರ, ಬಂದದ್ದು ಸಾವಿರ, ಒಂದು ಕಾಸೂ ಮುಳುಗಲಿಲ್ಲ” ಎಂದರು ಗುರುಗಳು.