ತೊಳೆದ ಬೀದಿಯ ಚಿತ್ರ

ಚೌಡಮ್ಮನ ಕೈಲಿ ಫೋಟೊ ತೆಗೆಯುವುದು ಆಗದು ಎಂದು ಮೊದಲು ಹೇಳಿದವನು ಅವಳ ಸೋದರಮಾವ. ಆಮೇಲೆ ಫೋಟೊ ಸ್ಟುಡಿಯೊದ ಮಾಲೀಕ ಮುರಿಗೆಪ್ಪನೂ ಹೇಳಿದ. ಅವನ ಭಾಮೈದ ರುದ್ರೇಶಿಯಂತೂ ದಿನಕ್ಕೆರಡು ಸಲ ಹೇಳುತ್ತಿದ್ದ.

ಚೌಡಮ್ಮ ಹಗಲು ಆ ಸ್ಟುಡಿಯೊದ ಕಸ ಗುಡಿಸುತ್ತಿದ್ದಳು. ರಾತ್ರಿ ಎದುರಿನ ಹೋಟೆಲಿನ ನೆಲ ತೊಳೆಯುತ್ತಿದ್ದಳು. ಕ್ಯಾಮೆರಾ ಹಿಡಿಯುವುದನ್ನು ನೋಡಿ ನೋಡಿಯೇ ಕಲಿತಿದ್ದಳು.

ಒಂದು ದಿನ ಮುರಿಗೆಪ್ಪನಿಗೆ ಸಹಾಯಕರು ಬೇಕಾದರು.

"ನನ್ನನ್ನೇ ಇಟ್ಕೊಳ್ಳಿ ಯಜಮಾನ್ರೇ," ಎಂದಳು ಚೌಡಮ್ಮ.

ಮುರಿಗೆಪ್ಪ ನಕ್ಕ. ಕ್ಯಾಮೆರಾದಲ್ಲಿ ಎರಡೇ ಚಿತ್ರಕ್ಕಾಗುವಷ್ಟು ಕಪ್ಪು ಬಿಳುಪು ಫಿಲ್ಮ್ ಉಳಿದಿತ್ತು. "ರುದ್ರೇಶಿಗೊಂದು, ನಿನಗೊಂದು. ಇವತ್ತು ರಾತ್ರಿ ನಮ್ಮ ಬೀದೀನ ಚೆಂದ ತೆಗೆದವರಿಗೆ ಕೆಲಸ. ಸೋತರೆ ಮತ್ತೆ ಕ್ಯಾಮೆರಾ ಸುದ್ದಿ ಎತ್ತೋ ಹಾಗಿಲ್ಲ."

ರುದ್ರೇಶಿ ಎಂಟು ಗಂಟೆಗೇ ಫ್ಲಾಶ್ ಹಾಕಿ ತೆಗೆದು ಮುಗಿಸಿದ. "ತಗೋ ಅಕ್ಕಯ್ಯ, ಇನ್ನು ಕತ್ತಲನ್ನ ಗುಡಿಸು!" ಎಂದು ಊಟಕ್ಕೆ ಹೋದ.

ಚೌಡಮ್ಮ ಬೀದಿ ನೋಡಿದಳು. ಒಣ ಡಾಂಬರು ದೀಪದ ಬೆಳಕನ್ನೆಲ್ಲ ನುಂಗಿ ಕುಳಿತಿತ್ತು. ಈಗ ತೆಗೆದರೆ ಬರೀ ಮಸಿ. ಹೋಟೆಲು ಮುಚ್ಚುವವರೆಗೂ ಅವಳು ಕಾದಳು. ನೆಲ ತೊಳೆದ ನೀರನ್ನು ಹೊರಗೆ ತಳ್ಳಿದಾಗ ಆ ಬೀದಿ ಹೇಗೆ ಹೊಳೆಯುತ್ತದೆಂದು ಅವಳಿಗೆ ಗೊತ್ತಿತ್ತು.

ಅಂದು ಅವಳ ಬದಲಿಗೆ ನೆಲ ತೊಳೆಯಲು ಬಂದವಳು ಗೆಳತಿ ಹನುಮಕ್ಕ.

"ಇನ್ನೆರಡು ಬಕೆಟ್ ಜಾಸ್ತಿ ಹೊಯ್ಯೇ!" ಎಂದು ಚೌಡಮ್ಮ ಕೂಗಿದಳು.

"ರಸ್ತೆಗೆ ಸ್ನಾನ ಮಾಡಿಸ್ತೀಯೇನೇ?"

"ಹೂಂ, ಮದುವಣಗಿತ್ತಿ ಅದು. ಹೊಯ್ಯಿ!"

ನೀರು ಹರಡಿತು. ಬೀದಿದೀಪಗಳು ನೆಲದಲ್ಲೂ ಹತ್ತಿಕೊಂಡವು. ಚೌಡಮ್ಮ ಕ್ಯಾಮೆರಾವನ್ನು ಕಟ್ಟೆಯ ಮೇಲೆ ಅಲುಗದಂತೆ ಇಟ್ಟು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು.

ಮರುದಿನ ಚಿತ್ರಗಳು ತೊಳೆದು ಬಂದವು. ರುದ್ರೇಶಿಯ ಚಿತ್ರದಲ್ಲಿ ಬೆಚ್ಚಿಬಿದ್ದ ಒಂದು ನಾಯಿ, ಅದರ ಹಿಂದೆ ಬರೀ ಕಪ್ಪು. ಚೌಡಮ್ಮನ ಚಿತ್ರದಲ್ಲಿ ಇಡೀ ಬೀದಿ ಬೆಳ್ಳಿ ತಟ್ಟೆಯ ಹಾಗಿತ್ತು. ಮುರಿಗೆಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಇದು ನಮ್ಮ ಬೀದೀನಾ?"

"ಹೌದು ಯಜಮಾನ್ರೇ. ನೀವು ಮಲಗಿದ ಮೇಲಿನದು."

ಕೆಲಸ ಅವಳಿಗೇ ಸಿಕ್ಕಿತು.

ಈಗ ಚೌಡಮ್ಮನಿಗೆ ಸ್ವಂತ ಸ್ಟುಡಿಯೊ ಇದೆ, ಎರಡು ಕ್ಯಾಮೆರಾ ಇವೆ, ಬೋರ್ಡಿನ ಮೇಲೆ ಅವಳದೇ ಹೆಸರಿದೆ. ಅದಕ್ಕಾಗಿ ಅವಳು ತೆತ್ತದ್ದು ಹನ್ನೆರಡು ವರ್ಷಗಳ ನಿದ್ದೆ, ಈ ಕೆಲಸ ಒಪ್ಪದೆ ಮಾತು ಬಿಟ್ಟ ತವರು. ದುಬಾರಿಯಾಯಿತೆಂದು ಅವಳು ಒಮ್ಮೆಯೂ ಅಂದಿಲ್ಲ.

ನೀತಿ: ಮಾಡುವ ಕೆಲಸ ಸಣ್ಣದೆಂದು ನಾಚಬೇಡಿ. ಅದನ್ನು ಮಾಡುತ್ತ ನಿಮ್ಮ ಕಣ್ಣು ಕಲಿತದ್ದು ನಿಮ್ಮದೇ ಆಸ್ತಿ. ಅದನ್ನು ಯಾರೂ ಕಸಿದುಕೊಳ್ಳಲಾರರು.